ತತ್ತಿಯಿಂದ ದೇಹ: ಒಂದು ಪ್ರಶ್ನೆಯ ಚರಿತ್ರೆ

ಮೃಗಶಿರೆಯ ಮಳೆ ಹಿಡಿದು ಆರಿದ್ರೆ ಕಾಲಿಟ್ಟಿತೆಂದರೆ ಶಿರಸಿ ಸೀಮೆಯ ಇರುಳಿಗೆ ಮೌನವೆಂಬುದಿಲ್ಲ. ಶಿರಸಿ ತಾಲ್ಲೂಕಿನ ಇಸಳೂರಿನಲ್ಲಿ ಯಾರದಾದರೂ ಮನೆಯ ಜಗುಲಿಯ ಮೇಲೆ ಕುಳಿತು ಕಿವಿಗೊಟ್ಟರೆ ಗದ್ದೆಯ ಕಡೆಯಿಂದ ಒಂದು ದನಿ, ಅಡಿಕೆ ತೋಟದ ಬಸಿಗಾಲುವೆಯಿಂದ ಇನ್ನೊಂದು, ಬೇಲಿಯ ಪೊದೆಯಿಂದ ಮತ್ತೊಂದು, ಹೀಗೆ ಕಪ್ಪೆಗಳ ಸಂತೆ ಬೆಳಗಿನ ಜಾವದವರೆಗೂ ನಡೆದಿರುತ್ತದೆ. ಕೇಳುವವರಿಗೆ ಅದೆಲ್ಲ ಒಂದೇ ಗದ್ದಲವೆಂದು ತೋರಬಹುದು. ಆದರೆ ಆ ದನಿಗಳ ಹಿಂದಿರುವ ಸಂಸಾರಗಳು ಒಂದೇ ಬಗೆಯವಲ್ಲ. ಗದ್ದೆಯ ಕಪ್ಪೆ ನಿಂತ ನೀರಿನಲ್ಲಿ ತತ್ತಿಯಿಡುತ್ತದೆ. ಅದರಿಂದ ಬಾಲವುಳ್ಳ ಗೊದಮೊಟ್ಟೆ ಹೊರಬಂದು ಮೀನಿನಂತೆ ಈಜಿ, ಕೆಲವು ವಾರಗಳ ಮೇಲೆ ಕಾಲು ಮೂಡಿ, ಬಾಲ ಕರಗಿ, ಕಪ್ಪೆಯಾಗುತ್ತದೆ. ಮಲಬಾರಿನ ಹಾರುಗಪ್ಪೆ ನೀರಿನ ಮೇಲೆ ಬಾಗಿದ ಎಲೆಗಳ ನಡುವೆ ನೊರೆಯ ಗೂಡು ಕಟ್ಟುತ್ತದೆ. ಅದರ ಮರಿಗಳು ನೊರೆಯಿಂದ ಜಾರಿ ಕೆಳಗಿನ ನೀರಿಗೆ ಬೀಳುತ್ತವೆ. ಬೇಲಿಯ ಪೊದೆಗಪ್ಪೆಯಾದರೋ ನೀರಿನ ಹಂಗನ್ನೇ ತೊರೆದಿದೆ. ಒದ್ದೆ ಎಲೆಯ ಮೇಲೋ ತರಗಿನ ನಡುವೆಯೋ ಇಟ್ಟ ಅದರ ತತ್ತಿಯಿಂದ ಗೊದಮೊಟ್ಟೆ ಬರುವುದೇ ಇಲ್ಲ; ನಾಲ್ಕು ಕಾಲುಗಳುಳ್ಳ ಪುಟ್ಟ ಕಪ್ಪೆಯೇ ತತ್ತಿಯ ಪೊರೆಯನ್ನು ಸೀಳಿಕೊಂಡು ನೆಗೆಯುತ್ತದೆ.

ಒಂದೇ ಊರು, ಒಂದೇ ಮಳೆ. ದಾರಿಗಳು ಮಾತ್ರ ಮೂರು. ಕಾಳಿನಷ್ಟು ದೊಡ್ಡದಾದ ಆ ದುಂಡು ತತ್ತಿಯಲ್ಲಿ ಮೊದಲಿಗೆ ಕಾಲಿಲ್ಲ, ಕಣ್ಣಿಲ್ಲ, ತಲೆ ಬಾಲಗಳ ಭೇದವೂ ಕಣ್ಣಿಗೆ ಕಾಣುವಂತಿಲ್ಲ. ಇಲ್ಲದ ಕಾಲು ಎಲ್ಲಿಂದ ಬಂದಿತು? ಬರಬೇಕಾದ ಕಡೆಗೇ ಹೇಗೆ ಬಂದಿತು? ಒಂದು ಜಾತಿಯಲ್ಲಿ ಕಡೆಯಲ್ಲಿ ಬರುವುದು ಇನ್ನೊಂದರಲ್ಲಿ ಮೊದಲೇ ಏಕೆ ಬರುತ್ತದೆ? ನಮ್ಮ ಇಂದಿನ ವಿಷಯ ಇದು. ಜೀವಕೋಶಗಳೂ ವಂಶವಾಹಿಗಳೂ ಸೇರಿ ದೇಹವನ್ನು ರೂಪಿಸುವ ಬಗೆಯನ್ನು ಕಂಡುಕೊಂಡ ಚರಿತ್ರೆಯಲ್ಲಿ ಕಪ್ಪೆಯ ತತ್ತಿಗೆ ದೊರೆತಿರುವ ಸ್ಥಾನ ದೊಡ್ಡದು. ಆ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು.

ಪ್ರಶ್ನೆ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಈ ವಿಷಯವಾಗಿ ಒಂದು ವಿದ್ವತ್ಸಭೆಯ ವಾದವೇ ಇದೆ. ಗರ್ಭದಲ್ಲಿ ಮೊದಲು ಮೂಡುವ ಅಂಗ ಯಾವುದು? ತಲೆಯೆಂದು ಶೌನಕ, ಹೃದಯವೆಂದು ಕೃತವೀರ್ಯ, ಹೊಕ್ಕುಳೆಂದು ಪಾರಾಶರ್ಯ, ಕೈಕಾಲುಗಳೆಂದು ಮಾರ್ಕಂಡೇಯ, ನಡುಮೈಯೆಂದು ಸುಭೂತಿ ಗೌತಮ. ಇವೆಲ್ಲವನ್ನೂ ಕೇಳಿ ಧನ್ವಂತರಿ ಒಪ್ಪುವುದಿಲ್ಲ. ಎಲ್ಲ ಅಂಗಗಳೂ ಒಮ್ಮೆಗೇ ಉಂಟಾಗುತ್ತವೆ. ಬಹು ಸೂಕ್ಷ್ಮವಾದುದರಿಂದ ಕಾಣುವುದಿಲ್ಲ, ಅಷ್ಟೆ ಎಂಬುದು ಆತನ ತೀರ್ಮಾನ. ಅದಕ್ಕೆ ಕೊಡುವ ದೃಷ್ಟಾಂತಗಳು ಬಿದಿರಿನ ಮೊಳಕೆ ಮತ್ತು ಮಾವಿನ ಕಾಯಿ. ಶಿರಸಿ ಸಿದ್ದಾಪುರಗಳ ಶ್ರೋತೃಗಳಿಗೆ ಈ ದೃಷ್ಟಾಂತಗಳನ್ನು ವಿವರಿಸಬೇಕಾದ ಕಾರಣವಿಲ್ಲ. ಕಳಲೆಯನ್ನು ಹೆಚ್ಚಿದವರು ಬಿದಿರಿನ ಗೆಣ್ಣುಗಳು ಒಂದರೊಳಗೊಂದು ಅಡಗಿರುವುದನ್ನು ಕಂಡಿರುತ್ತಾರೆ. ಉಪ್ಪಿನಕಾಯಿಗೆಂದು ಕೊಯ್ದ ಅಪ್ಪೆಮಿಡಿಯನ್ನು ಸೀಳಿದರೆ ಗಟ್ಟಿ ಗೊರಟಿಲ್ಲ, ನಾರೂ ಇಲ್ಲ. ಅದೇ ಮಿಡಿ ಮರದಲ್ಲಿ ಬಲಿತು ಹಣ್ಣಾದರೆ ತಿರುಳು, ನಾರು, ಗೊರಟು ಎಲ್ಲವೂ ಬೇರೆ ಬೇರೆಯಾಗಿ ತೋರುತ್ತವೆ.

ಹಾಗಾದರೆ ಮಿಡಿಯಲ್ಲಿ ಗೊರಟು ಇದ್ದೂ ಕಾಣಲಿಲ್ಲವೊ, ಇಲ್ಲದುದು ಹೊಸದಾಗಿ ಆಯಿತೊ? ಯೂರೋಪಿನ ವಿದ್ವಾಂಸರೂ ಇದೇ ಕವಲಿನಲ್ಲಿ ನಿಂತರು. ಗ್ರೀಸಿನ ಅರಿಸ್ಟಾಟಲನು ಕೋಳಿಯ ತತ್ತಿಗಳನ್ನು ದಿನಕ್ಕೊಂದರಂತೆ ಒಡೆದು ನೋಡಿ, ಮೊದಲು ಚುಕ್ಕೆಯಂತೆ ಮಿಡಿಯುವ ಹೃದಯವನ್ನು ಕಂಡು, ಅಂಗಗಳು ಒಂದಾದ ಮೇಲೊಂದು ಹೊಸದಾಗಿ ಉಂಟಾಗುತ್ತವೆಂದು ಬರೆದನು. ಹದಿನೇಳನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕ ಕೈಗೆ ಬಂದ ಮೇಲೆ ಮತ ತಿರುಗಿತು. ತತ್ತಿಯಲ್ಲಿಯೋ ವೀರ್ಯಾಣುವಿನಲ್ಲಿಯೋ ಪೂರ್ಣರೂಪದ ಜೀವಿಯೊಂದು ಮುದುರಿ ಕುಳಿತಿದೆ, ಬೆಳವಣಿಗೆಯೆಂಬುದು ಅದರ ಹಿಗ್ಗುವಿಕೆಯೇ ಹೊರತು ಬೇರೆಯಲ್ಲ ಎಂದು ಅನೇಕರು ವಾದಿಸಿದರು. ಹದಿನೆಂಟನೆಯ ಶತಮಾನದಲ್ಲಿ ಕಾಸ್ಪರ್ ಫ್ರೀಡ್ರಿಕ್ ವೋಲ್ಫ್ ಎಂಬ ಜರ್ಮನ್ ಪಂಡಿತನು ಕೋಳಿಮರಿಯ ಕರುಳು ಮೊದಲು ಹಾಳೆಯಂತಿದ್ದು ಆಮೇಲೆ ಸುರುಳಿಯಾಗಿ ಕೊಳವೆಯಾಗುವುದನ್ನು ತೋರಿಸಿ ಆ ವಾದವನ್ನು ಅಲ್ಲಗಳೆದನು. ಆದರೆ ಹಾಳೆ ಏಕೆ ಸುರುಳಿಯಾಗಬೇಕೆಂಬುದನ್ನು ಯಾರೂ ಹೇಳಲಾರದೆ ಹೋದರು.

ನೋಡುವುದರಿಂದಲೇ ತಿಳಿಯದುದನ್ನು ಕೈಯಿಟ್ಟು ಕೆಣಕಿ ತಿಳಿಯಬೇಕೆಂಬ ಸಂಕಲ್ಪ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೂಡಿತು. ಅದಕ್ಕೆ ಕಪ್ಪೆಯ ತತ್ತಿ ಹೇಳಿ ಮಾಡಿಸಿದಂತಿದ್ದಿತು. ಅದು ತಾಯಿಯ ಗರ್ಭದಲ್ಲಿ ಮರೆಯಾಗಿಲ್ಲ, ಗಟ್ಟಿಯಾದ ಚಿಪ್ಪಿನೊಳಗೂ ಇಲ್ಲ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. 1888ರಲ್ಲಿ ವಿಲ್ಹೆಲ್ಮ್ ರೂ ಎಂಬಾತನು ಕಪ್ಪೆಯ ತತ್ತಿ ಎರಡು ಕೋಶಗಳಾಗಿ ಸೀಳಿದ ಹೊತ್ತಿಗೆ, ಕಾಸಿದ ಸೂಜಿಯಿಂದ ಒಂದು ಕೋಶವನ್ನು ಕೊಂದನು. ಉಳಿದ ಕೋಶದಿಂದ ಅರ್ಧ ದೇಹದ ಪಿಂಡ ಬೆಳೆಯಿತು. ಒಂದೊಂದು ಕೋಶಕ್ಕೂ ಅದರ ಪಾಲಿನ ಕೆಲಸ ಮೊದಲೇ ಹಂಚಿಕೆಯಾಗಿದೆಯೆಂದು ರೂ ತೀರ್ಮಾನಿಸಿದನು. ಆದರೆ ಮೂರು ನಾಲ್ಕು ವರ್ಷಗಳಲ್ಲಿಯೇ ಹಾನ್ಸ್ ಡ್ರೀಷ್ ಎಂಬ ಇನ್ನೊಬ್ಬನು ಕಡಲಿನ ಮುಳ್ಳುಚೆಂಡು ಪ್ರಾಣಿಯ ಎರಡು ಕೋಶಗಳನ್ನು ಅಲುಗಿಸಿ ಬೇರ್ಪಡಿಸಿದಾಗ, ಎರಡರಿಂದಲೂ ಗಾತ್ರದಲ್ಲಿ ಚಿಕ್ಕವಾದ, ಆದರೆ ಪೂರ್ಣಾಂಗವಾದ ಮರಿಗಳು ಹುಟ್ಟಿದುವು. ಇಬ್ಬರಲ್ಲಿ ಯಾರು ಸರಿ? 1910ರಲ್ಲಿ ಮೆಕ್ಲೆಂಡನ್ ಎಂಬಾತನು ಕಪ್ಪೆಯ ತತ್ತಿಯ ಒಂದು ಕೋಶವನ್ನು ಕೊಂದು ಅಲ್ಲಿಯೇ ಬಿಡದೆ, ಪೂರ್ತಿಯಾಗಿ ಹೀರಿ ತೆಗೆದನು. ಆಗ ಉಳಿದ ಕೋಶ ಇಡೀ ಕಪ್ಪೆಯನ್ನೇ ಕೊಟ್ಟಿತು. ರೂವಿನ ಪ್ರಯೋಗದಲ್ಲಿ ಸತ್ತ ಕೋಶ ಪಕ್ಕದಲ್ಲಿಯೇ ಅಂಟಿಕೊಂಡಿದ್ದುದರಿಂದ, ಬದುಕಿದ ಕೋಶ ಜೊತೆಯವನು ಇನ್ನೂ ಇದ್ದಾನೆಂದೇ ನಡೆದುಕೊಂಡಿತು! ಕೋಶಗಳು ತಮ್ಮ ನೆರೆಹೊರೆಯನ್ನು ಬಲ್ಲವೆಂಬುದಕ್ಕೆ ಇದು ಮೊದಲನೆಯ ಸುಳುಹು.

ಆ ಸುಳುಹನ್ನು ಹಿಡಿದು ಬಹುದೂರ ನಡೆದವನು ಹಾನ್ಸ್ ಸ್ಪೇಮನ್. ಎಳೆಗೂಸಿನ ತಲೆಗೂದಲಿನ ಕುಣಿಕೆಯಿಂದ ತತ್ತಿಯನ್ನು ಬಿಗಿದು ಎರಡು ಮಾಡುವಷ್ಟು ನಯಗಾರಿಕೆ ಆತನ ಕೈಯಲ್ಲಿದ್ದಿತು. ಆತನ ಶಿಷ್ಯೆ ಹಿಲ್ಡ್ ಮಂಗೋಲ್ಡ್, ಕಪ್ಪೆಗಳ ದಾಯಾದಿಯಾದ ನ್ಯೂಟ್ ಎಂಬ ಬಾಲವುಳ್ಳ ಉಭಯಚರಿಯ ಪಿಂಡದಿಂದ ಒಂದು ಚೂರನ್ನು ತೆಗೆದು, ಬೇರೆ ಬಣ್ಣದ ಇನ್ನೊಂದು ಜಾತಿಯ ಪಿಂಡದ ಹೊಟ್ಟೆಯ ಭಾಗದಲ್ಲಿ ನೆಟ್ಟಳು. ಅಲ್ಲಿ ಎರಡನೆಯ ಬೆನ್ನುಹುರಿಯೇ ಮೊದಲಾಗಿ ಎರಡನೆಯ ದೇಹವೊಂದು ಮೂಡಿತು. ಬಣ್ಣದ ಭೇದದಿಂದ ನೋಡಿದರೆ ಆ ಹೊಸ ದೇಹದ ಬಹುಭಾಗ ಆತಿಥೇಯನ ಕೋಶಗಳಿಂದಲೇ ಆಗಿದ್ದಿತು. ಅಂದರೆ ನೆಟ್ಟ ಚೂರು ತಾನೇ ದೇಹವಾಗಲಿಲ್ಲ. ಸುತ್ತಲಿನ ಕೋಶಗಳಿಗೆ ಹೀಗಾಗಿರೆಂದು ಹೇಳಿ ಮಾಡಿಸಿತು. ಅದಕ್ಕೆ ಸಂಘಟಕವೆಂಬ ಅರ್ಥದ ಹೆಸರು ಬಂದಿತು. 1924ರಲ್ಲಿ ಲೇಖನ ಪ್ರಕಟವಾಯಿತು; ಅದೇ ವರ್ಷ ಒಲೆಯ ಅಪಘಾತದಲ್ಲಿ ಸುಟ್ಟಗಾಯಗಳಿಂದ ಹಿಲ್ಡ್ ಮಂಗೋಲ್ಡ್ ತೀರಿಕೊಂಡಳು. ಆಕೆಗೆ ಆಗ 25 ವರ್ಷ ವಯಸ್ಸು. ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದ 1935ನೆಯ ವರ್ಷವೇ ಸ್ಪೇಮನ್ನನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಜರ್ಮನಿಯಲ್ಲಿ ಈ ಪ್ರಯೋಗಗಳು ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಕಪ್ಪೆಗಳ ಅಭ್ಯಾಸ ನಡೆದಿದ್ದಿತು. ಅಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು (1882–1960) ಈ ಕ್ಷೇತ್ರದಲ್ಲಿ ಆದ್ಯರು. ಗಮನಿಸಬೇಕಾದ ಸಂಗತಿಯೆಂದರೆ, ಅವರು ಬೆಳೆದ ಕಪ್ಪೆಯನ್ನಷ್ಟೇ ಅಲ್ಲದೆ ಗೊದಮೊಟ್ಟೆಯನ್ನೂ ಬಿಡದೆ ನೋಡಿದರು. ಪಶ್ಚಿಮಘಟ್ಟದ ಹೊಳೆಗಳಲ್ಲಿ ಗುಂಪುಗುಂಪಾಗಿ ಈಜುವ ಇಬ್ಬಣ್ಣದ ಕಪ್ಪೆಯ ದೊಡ್ಡ ಗೊದಮೊಟ್ಟೆಯನ್ನು ಕುರಿತು 1914ರಲ್ಲಿ ಬರೆದರು. 1918ರಲ್ಲಿ ನೆಲ್ಸನ್ ಆನಂಡೇಲರೊಡನೆ ಭಾರತದ ಬಯಲುಸೀಮೆಯ ಗೊದಮೊಟ್ಟೆಗಳನ್ನು ವಿವರಿಸಿದರು. 1937ರಲ್ಲಿ ಹಾಸನ ಜಿಲ್ಲೆಯ ಕೆಂಪುಹೊಳೆಯೇ ಮುಂತಾದ ಕಾಡುಗಳಿಂದ ತಂದ ಅನೇಕ ಹೊಸ ಕಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿದರು. 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲನೆಯ ಸಂಪಾದಕರೂ ಅವರೇ. ಅದೇ ಕಾಲೇಜಿನಲ್ಲಿ ಎಲ್. ಎಸ್. ರಾಮಸ್ವಾಮಿಯವರು ಕಪ್ಪೆಗಳ ತಲೆಬುರುಡೆಯ ರಚನೆಯನ್ನೂ, ಬಿ. ಆರ್. ಶೇಷಾಚಾರ್ಯರು ನೆಲದೊಳಗೆ ಬಾಳುವ ಕಾಲಿಲ್ಲದ ಉಭಯಚರಿಗಳ ಬೀಜಕೋಶಗಳನ್ನೂ ಪರಿಶೀಲಿಸಿ ದೇಶವಿದೇಶಗಳ ಗಮನ ಸೆಳೆದರು.

ಆದರೂ ಎರಡು ಹೊಳೆಗಳು ಆಗ ಕೂಡಲಿಲ್ಲವೆಂದು ಒಪ್ಪಬೇಕು. ಒಂದು ಕಡೆ ಯಾವ ಕಾಡಿನಲ್ಲಿ ಯಾವ ಕಪ್ಪೆಯೆಂದು ಎಣಿಸಿ ಬರೆದಿಡುವ ಶಾಸ್ತ್ರ. ಇನ್ನೊಂದು ಕಡೆ ಒಂದೇ ಕಪ್ಪೆಯ ತತ್ತಿಯನ್ನು ಕೊಯ್ದು ಕಟ್ಟಿ ಕಾರಣ ಹುಡುಕುವ ಶಾಸ್ತ್ರ. ಮೊದಲನೆಯದಕ್ಕೆ ಕಾಡು ಬೇಕು, ಎರಡನೆಯದಕ್ಕೆ ಪ್ರಯೋಗಶಾಲೆ. ಎರಡೂ ಕೂಡುವುದಕ್ಕೆ ಮುನ್ನ ಮೂರನೆಯ ಹೊಳೆಯೊಂದು ಬಂದು ಸೇರಬೇಕಾಗಿದ್ದಿತು. ಅದು ವಂಶವಾಹಿಗಳ ಶಾಸ್ತ್ರ.

ಆ ಶಾಸ್ತ್ರದ ಹಿರಿಯನಾದ ಅಮೆರಿಕದ ಟಿ. ಎಚ್. ಮಾರ್ಗನ್ ಸಹ ಮೊದಲು ಕಪ್ಪೆಯ ತತ್ತಿಯ ವಿದ್ಯಾರ್ಥಿಯೇ. 1897ರಲ್ಲಿ ಆ ವಿಷಯವಾಗಿಯೇ ಒಂದು ಗ್ರಂಥ ಬರೆದಿದ್ದನು. 1910ರಲ್ಲಿ ಹಣ್ಣಿನ ನೊಣಗಳ ನಡುವೆ ಕೆಂಪುಗಣ್ಣಿಗೆ ಬದಲಾಗಿ ಬಿಳಿಗಣ್ಣಿನ ನೊಣವೊಂದನ್ನು ಕಂಡ ಮೇಲೆ ಆತನ ದಾರಿ ಬದಲಾಯಿತು. ತಂದೆತಾಯಿಗಳ ಗುಣಗಳನ್ನು ಸಂತತಿಗೆ ಒಯ್ಯುವ ವಂಶವಾಹಿಗಳು, ಅಂದರೆ ಜೀನುಗಳು, ಕೋಶಕೇಂದ್ರದ ವರ್ಣತಂತುಗಳ ಮೇಲೆ ಸಾಲಾಗಿ ಇವೆಯೆಂದು ಆತನೂ ಆತನ ಶಿಷ್ಯರೂ ಸಿದ್ಧಪಡಿಸಿದರು. 1953ರಲ್ಲಿ ಡಿ.ಎನ್.ಎ. ಎಂಬ ವಸ್ತುವಿನ ರಚನೆ ತಿಳಿದ ಮೇಲೆ ಆ ಬರಹದ ಅಕ್ಷರಗಳೂ ತಿಳಿದುಬಂದುವು. ಆದರೆ ಇಲ್ಲಿಯೇ ಹೊಸ ತೊಡಕು. ದೇಹದ ಕೋಶಗಳೆಲ್ಲವೂ ಒಂದೇ ತತ್ತಿಯಿಂದ ಸೀಳಿ ಬಂದುವು; ಎಲ್ಲದರಲ್ಲಿಯೂ ಬರಹ ಒಂದೇ. ಹಾಗಿರುವಾಗ ಒಂದು ಕೋಶ ಕಣ್ಣಾಗಿ ಇನ್ನೊಂದು ಕರುಳಾಗುವುದು ಹೇಗೆ?

ಸಿ. ಎಚ್. ವ್ಯಾಡಿಂಗ್ಟನ್ ಎಂಬ ಆಂಗ್ಲ ವಿದ್ವಾಂಸನು ಇದನ್ನು ಗುಡ್ಡದ ಇಳಿಜಾರಿನ ಚಿತ್ರದಿಂದ ವಿವರಿಸಿದನು. ಉರುಳುವ ಗುಂಡು ಒಂದು ಕಣಿವೆಗೆ ಇಳಿದ ಮೇಲೆ ಪಕ್ಕದ ಕಣಿವೆಗೆ ದಾಟಲಾರದು. ಶಿರಸಿಯವರು ಇದನ್ನು ತಮ್ಮ ನೆಲದಲ್ಲಿಯೇ ನೋಡಬಹುದು. ಒಂದೇ ಮೋಡದ ಮಳೆ. ಶಿರಸಿಯ ಶಂಕರಹೊಂಡದ ಕಡೆ ಬಿದ್ದ ಹನಿ ಅಘನಾಶಿನಿಯಾಗಿ ಪಡುವಣ ಕಡಲಿಗೆ ಇಳಿಯುತ್ತದೆ. ಅದೇ ತಾಲ್ಲೂಕಿನ ಬನವಾಸಿಯ ಕಡೆ ಬಿದ್ದ ಹನಿ ವರದೆಯನ್ನು ಸೇರಿ, ತುಂಗಭದ್ರೆ ಕೃಷ್ಣೆಯರ ಕೈಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಬಿದ್ದ ಗಳಿಗೆಯಲ್ಲಿ ಎರಡು ಹನಿಗಳಿಗೂ ಭೇದವಿಲ್ಲ. ಭೇದವನ್ನುಂಟುಮಾಡಿದುದು ಬಿದ್ದ ಸ್ಥಳ. ಕೋಶಗಳ ವಿಷಯವೂ ಹೆಚ್ಚು ಕಡಮೆ ಹೀಗೆಯೇ. ತತ್ತಿಯ ಯಾವ ಭಾಗದಲ್ಲಿ ಹುಟ್ಟಿತು, ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಕೋಶದ ಒಳಗಿನ ಬರಹದಲ್ಲಿ ಯಾವ ಪುಟ ತೆರೆಯಬೇಕು, ಯಾವುದು ಮುಚ್ಚಿರಬೇಕು ಎಂಬುದು ಗೊತ್ತಾಗುತ್ತದೆ.

ಮುಚ್ಚಿದ ಪುಟ ಹರಿದು ಹೋಯಿತೊ, ಮುಚ್ಚಿಕೊಂಡು ಇದೆಯೊ? ಇದಕ್ಕೂ ಕಪ್ಪೆಯೇ ಉತ್ತರ ಕೊಟ್ಟಿತು. 1952ರಲ್ಲಿ ಬ್ರಿಗ್ಸ್ ಮತ್ತು ಕಿಂಗ್ ಎಂಬವರು ಒಂದು ಕೋಶದ ಕೇಂದ್ರವನ್ನು ತೆಗೆದು ಕೇಂದ್ರವಿಲ್ಲದ ತತ್ತಿಯಲ್ಲಿ ಇಡುವ ಕೌಶಲವನ್ನು ಸಾಧಿಸಿದರು. 1962ರಲ್ಲಿ ಜಾನ್ ಗರ್ಡನ್ ಎಂಬಾತನು ಆಫ್ರಿಕದ ಕಪ್ಪೆಯೊಂದರ ಗೊದಮೊಟ್ಟೆಯ ಕರುಳಿನ ಕೋಶದಿಂದ ತೆಗೆದ ಕೇಂದ್ರವನ್ನು ಹಾಗೆ ತತ್ತಿಯಲ್ಲಿ ಇಟ್ಟಾಗ, ಕೆಲವು ತತ್ತಿಗಳು ಪೂರ್ಣವಾದ ಮರಿಗಳಾದುವೆಂದು ಪ್ರಕಟಿಸಿದನು. ಕರುಳಾಗಿದ್ದ ಕೋಶದಲ್ಲಿ ಕಣ್ಣಿನ ಪಾಠವೂ ಕಾಲಿನ ಪಾಠವೂ ಅಳಿಯದೆ ಉಳಿದಿದ್ದುವು. 2006ರಲ್ಲಿ ಜಪಾನಿನ ಶಿನ್ಯ ಯಮನಕನು ಇಲಿಯ ಚರ್ಮದ ಕೋಶಗಳಲ್ಲಿ ನಾಲ್ಕೇ ವಂಶವಾಹಿಗಳನ್ನು ಚುರುಕುಗೊಳಿಸಿ ಅವುಗಳನ್ನು ಭ್ರೂಣದ ಎಳೆಕೋಶಗಳಂತೆ ಮಾಡಿದನು. ಕಣಿವೆಗೆ ಇಳಿದ ನೀರನ್ನು ಮರಳಿ ಗುಡ್ಡಕ್ಕೆ ಏರಿಸಿದಂತಾಯಿತು. 2012ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಪುಟ ತೆರೆಯುವ ಕೈ ಯಾವುದೆಂಬುದು ನೊಣದಿಂದ ತಿಳಿಯಿತು. ಎಡ್ವರ್ಡ್ ಲೂಯಿಸ್ 1978ರಲ್ಲಿಯೂ, ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಷೌಸ್ 1980ರಲ್ಲಿಯೂ ಪ್ರಕಟಿಸಿದ ಸಂಶೋಧನೆಗಳು, ದೇಹವನ್ನು ತುಂಡುತುಂಡಾಗಿ ವಿಂಗಡಿಸಿ ಇದು ತಲೆ, ಇದು ಎದೆ, ಇದು ಹೊಟ್ಟೆ ಎಂದು ಗೊತ್ತುಮಾಡುವ ವಂಶವಾಹಿಗಳು ಕೆಲವೇ ಇವೆಯೆಂದು ತೋರಿಸಿದುವು. ಅವುಗಳಲ್ಲಿ ಒಂದು ಕೆಟ್ಟರೆ ನೊಣಕ್ಕೆ ಎರಡು ರೆಕ್ಕೆಗಳ ಬದಲು ನಾಲ್ಕು. 1984ರಲ್ಲಿ ಇಂಥವೇ ವಂಶವಾಹಿಗಳು ಕಪ್ಪೆಯಲ್ಲಿಯೂ ಇವೆಯೆಂದು ಗೊತ್ತಾದಾಗ ವಿದ್ವಾಂಸರೇ ಬೆರಗಾದರು. ನೊಣ, ಕಪ್ಪೆ, ಇಲಿ, ಮನುಷ್ಯ, ಎಲ್ಲರ ದೇಹವೂ ಒಂದೇ ಹಳೆಯ ಪದಕೋಶದಿಂದ ಬರೆದ ಬೇರೆ ಬೇರೆ ವಾಕ್ಯಗಳು. 1990ರ ದಶಕದಲ್ಲಿ, ಹಿಲ್ಡ್ ಮಂಗೋಲ್ಡ್ ನೆಟ್ಟ ಆ ಚೂರು ನೆರೆಯ ಕೋಶಗಳಿಗೆ ಏನು ಹೇಳಿತೆಂಬುದೂ ತಿಳಿಯಿತು. ಅದು ಸೂಸುವ ನಾಗಿನ್, ಕಾರ್ಡಿನ್ ಎಂಬ ವಸ್ತುಗಳು ಮಾಡುವ ಕೆಲಸ ಆಜ್ಞೆಗಿಂತ ಹೆಚ್ಚಾಗಿ ತಡೆ: ಚರ್ಮವಾಗೆಂಬ ಬೇರೊಂದು ಸಂದೇಶವನ್ನು ತಡೆದಾಗ ಕೋಶಗಳು ನರಕೋಶಗಳಾಗುವ ದಾರಿಯನ್ನು ಹಿಡಿಯುತ್ತವೆ. ಎಪ್ಪತ್ತು ವರ್ಷ ಹೆಸರು ಮಾತ್ರವಾಗಿದ್ದ ಸಂಘಟಕಕ್ಕೆ ಹೀಗೆ ದ್ರವ್ಯ ದೊರೆಯಿತು.

ಈ ಕಾಲಕ್ಕೆ ನಮ್ಮ ದೇಶವೂ ಪ್ರೇಕ್ಷಕನ ಪೀಠವನ್ನು ಬಿಟ್ಟೆದ್ದಿದ್ದಿತು. 1992ರಲ್ಲಿ ಒರಿಸ್ಸದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂವದಾ ಮೊಹಂತಿ-ಹೆಜಮಾಡಿಯವರೂ ಅವರ ಸಂಗಡಿಗರೂ, ದಕ್ಷಿಣದೇಶದಲ್ಲಿಯೂ ಇರುವ ಒಂದು ಉಬ್ಬುಮೈಯ ಕಪ್ಪೆಯ ಗೊದಮೊಟ್ಟೆಗಳ ಬಾಲ ಕತ್ತರಿಸಿ, ಅವುಗಳಿಗೆ ‘ಎ’ ಜೀವಸತ್ತ್ವವನ್ನು ಕೊಟ್ಟು ನೋಡಿದರು. ಬಾಲದ ಮೋಟಿನಲ್ಲಿ ಬಾಲಕ್ಕೆ ಬದಲಾಗಿ ಕಾಲುಗಳು ಬೆಳೆದುವು! ನೀನು ದೇಹದ ಯಾವ ಕಡೆ ಇದ್ದೀಯೆ ಎಂದು ಕೋಶಕ್ಕೆ ಹೇಳುವ ಸಂದೇಶ ತಪ್ಪಿದರೆ, ಅದೇ ಕೋಶ ಬೇರೊಂದು ಪುಟವನ್ನು ಓದುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಬೆಂಗಳೂರಿನಲ್ಲಿ ಒಬೈದ್ ಸಿದ್ದೀಕಿಯವರ ಮುಂದಾಳುತನದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆ. ವಿಜಯರಾಘವನ್ ಮೊದಲಾದವರು ನೊಣದ ಸ್ನಾಯು ನರಗಳು ರೂಪುಗೊಳ್ಳುವ ಕ್ರಮವನ್ನು ಬಿಡಿಸಿದರು. ಶಿರಸಿಗೆ ಹತ್ತಿರವಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್. ಕೆ. ಸೈದಾಪುರ ಅವರೂ ಅವರ ಸಹೋದ್ಯೋಗಿಗಳೂ ಗೊದಮೊಟ್ಟೆಗಳು ಒಡಹುಟ್ಟಿದವರನ್ನು ಗುರುತಿಸುವ ಬಗೆಯನ್ನೂ, ಬೇಟೆಗಾರ ಪ್ರಾಣಿಯ ಭಯ ಅವುಗಳ ರೂಪಾಂತರದ ಮೇಲೆ ಮಾಡುವ ಪರಿಣಾಮವನ್ನೂ ಪರಿಶೀಲ ಸಿದರು.

ಇನ್ನು ನಮ್ಮ ಪೊದೆಗಪ್ಪೆಗೆ ಮರಳೋಣ. ಗೊದಮೊಟ್ಟೆ ಕಪ್ಪೆಯಾಗುವುದಕ್ಕೆ ಕೊರಳಿನ ಥೈರಾಯ್ಡ್ ಗ್ರಂಥಿಯ ರಸ ಬೇಕೆಂಬುದನ್ನು 1912ರಲ್ಲಿ ಗುಡೆರ್ನಾಚ್ ಎಂಬಾತನು ತೋರಿಸಿದ್ದನು. ಆ ಗ್ರಂಥಿಯನ್ನು ತಿನ್ನಿಸಿದ ಗೊದಮೊಟ್ಟೆಗಳು ಅಕಾಲದಲ್ಲಿಯೇ ಪುಟಾಣಿ ಕಪ್ಪೆಗಳಾದುವು. ಹಾಗಾದರೆ ಗೊದಮೊಟ್ಟೆಯೇ ಇಲ್ಲದ ಕಪ್ಪೆಗೆ ಆ ರಸ ಬೇಡವೆ? ವೆಸ್ಟ್ ಇಂಡೀಸಿನ ಪೋರ್ಟೊರಿಕೊ ದ್ವೀಪದಲ್ಲಿ ಕೋಕಿ ಎಂಬ ಮರಗಪ್ಪೆಯುಂಟು. ಅದೂ ನೇರವಾಗಿ ಕಪ್ಪೆಯಾಗಿಯೇ ಹುಟ್ಟುತ್ತದೆ. 2000ದಲ್ಲಿ ಕ್ಯಾಲರಿ ಮತ್ತು ಎಲಿನ್ಸನ್ ಎಂಬವರು ಅದರ ತತ್ತಿಗಳಲ್ಲಿ ಆ ರಸ ಉಂಟಾಗದಂತೆ ತಡೆದಾಗ ಬೆಳವಣಿಗೆ ನಡುವೆಯೇ ನಿಂತಿತು. ರಸವನ್ನು ಕೊಟ್ಟಾಗ ಮುಂದುವರಿಯಿತು. ರೂಪಾಂತರ ಇಲ್ಲವಾಗಿರಲಿಲ್ಲ, ತತ್ತಿಯೊಳಗೇ ಯಾರಿಗೂ ಕಾಣದಂತೆ ನಡೆದು ಮುಗಿದಿದ್ದಿತು. ಹಳೆಯ ಪಾಠವೇ, ಓದುವ ಕಾಲ ಮಾತ್ರ ಬೇರೆ.

ಕೋಕಿಯ ವಂಶಕ್ಕೂ ನಮ್ಮ ಪೊದೆಗಪ್ಪೆಯ ವಂಶಕ್ಕೂ ಬಲು ದೂರ. ಎರಡೂ ಬೇರೆಬೇರೆಯಾಗಿ, ಒಂದನ್ನೊಂದು ಅರಿಯದೆ, ಗೊದಮೊಟ್ಟೆಯನ್ನು ಬಿಟ್ಟವು. ಇಬ್ಬರೂ ಒಂದೇ ಉಪಾಯದಿಂದ ಬಿಟ್ಟರೊ, ಬೇರೆ ಬೇರೆ ಉಪಾಯಗಳಿಂದಲೊ? ಇದನ್ನು ಕೋಕಿಯ ತತ್ತಿಯೊಂದರಿಂದಲೇ ತಿಳಿಯುವಂತಿಲ್ಲ; ಶಿರಸಿಯ ಬೇಲಿಯ ತತ್ತಿಯೂ ಸಾಕ್ಷಿ ನುಡಿಯಬೇಕು. ನಾವು ಮೊದಲು ಹೇಳಿದ ಎರಡು ಹೊಳೆಗಳು ಕೂಡಬೇಕಾದ ಸ್ಥಳ ಇದೇ. ಪ್ರಯೋಗಶಾಲೆಗಳು ನೂರು ವರ್ಷಗಳಿಂದ ನಾಲ್ಕಾರು ಪ್ರಾಣಿಗಳನ್ನೇ ಹಿಡಿದು ಕುಳಿತಿವೆ. ಪ್ರಕೃತಿಯಾದರೋ ಘಟ್ಟದ ಕಾಡಿನಲ್ಲಿ ಲಕ್ಷಾಂತರ ವರ್ಷಗಳಿಂದ ತನ್ನದೇ ಪ್ರಯೋಗಗಳನ್ನು ನಡೆಯಿಸಿದೆ.

ಅಂಥ ಒಂದು ಪ್ರಯೋಗ 2014ರಲ್ಲಿ ಬೆಳಕಿಗೆ ಬಂದಿತು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಹೆಸರಿಗೆ ತಕ್ಕ ಕಾಡು. ಮೊಣಕಾಲಿನಂತೆ ಬೇರುಗಳನ್ನು ಮೇಲೆತ್ತಿ ನಿಂತ ರಾಮಪತ್ರೆಯ ಜಾತಿಯ ಮರಗಳ ಜೌಗುನೆಲ ಅಲ್ಲಿದೆ. ಕೆ. ವಿ. ಗುರುರಾಜ ಅವರೂ ಅವರ ಸಂಗಡಿಗರೂ ಅಲ್ಲಿನ ಹಳ್ಳದಲ್ಲಿ ಒಂದು ಇರುಳುಗಪ್ಪೆಯನ್ನು ಕಂಡರು. ಹೆಣ್ಣು ನೀರಿನ ಮೇಲ್ಗಡೆಯ ಆಸರೆಯೊಂದಕ್ಕೆ ತತ್ತಿಗಳನ್ನು ಅಂಟಿಸಿ ಹೋದ ಮೇಲೆ, ಗಂಡು ಹಿಂಗಾಲುಗಳ ಮೇಲೆ ನಿಂತು, ಹಳ್ಳದ ಕೆಸರನ್ನು ಮುಂಗೈಗಳಲ್ಲಿ ಎತ್ತಿ ತಂದು, ತತ್ತಿಗಳಿಗೆ ಮೆತ್ತುತ್ತದೆ. ಕೆಸರು ತತ್ತಿಗಳನ್ನು ಒಣಗದಂತೆಯೂ ತಿನ್ನುವವರ ಕಣ್ಣಿಗೆ ಬೀಳದಂತೆಯೂ ಕಾಪಾಡಬಹುದು. ಈ ಕೈಗೆಲಸವನ್ನು ಕಂಡು ಅದಕ್ಕೆ ಕುಂಬಾರ ಕಪ್ಪೆಯೆಂಬ ಹೆಸರನ್ನೇ ಶಾಸ್ತ್ರದ ಹೆಸರಾಗಿ ಇಟ್ಟರು. ಹೀಗೆ ಒಂದು ಕನ್ನಡ ಮಾತು ಲೋಕದ ಪ್ರಾಣಿಶಾಸ್ತ್ರದ ಪಟ್ಟಿಯನ್ನು ಸೇರಿತು.

ಅದಕ್ಕೆ ನಾಲ್ಕು ವರ್ಷ ಮುಂಚೆ, 2010ರಲ್ಲಿ, ಗೊದಮೊಟ್ಟೆಯಿಲ್ಲದ ಪೊದೆಗಪ್ಪೆಗಳ ದೊಡ್ಡದೊಂದು ಪಂಗಡಕ್ಕೆ ನಾರಾಯಣರಾಯರ ನೆನಪಿಗಾಗಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಆ ಲೇಖನ ಪ್ರಕಟವಾದುದು ಅವರೇ ಮೊದಲು ಸಂಪಾದಿಸಿದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಕೇಳಿ ಸಂತೋಷಪಡುವಂಥ ಮಾತು ಇದು. ಆದರೆ ಇದರ ಜೊತೆಗೆ ಇನ್ನೊಂದನ್ನೂ ಹೇಳದಿದ್ದರೆ ಚರಿತ್ರೆ ಪೂರ್ತಿಯಾಗದು. ನಾರಾಯಣರಾಯರು 1937ರಲ್ಲಿ ವಿವರಿಸಿದ ಕಪ್ಪೆಗಳ ಮೂಲ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದುವು. ಅವರು ಹೆಸರಿಟ್ಟ ಕೆಲವು ಕಪ್ಪೆಗಳು ಯಾವುವೆಂದು ನಿರ್ಣಯಿಸುವುದಕ್ಕೆ ಅನಂತರದವರು ಬಹಳ ಕಷ್ಟಪಡಬೇಕಾಯಿತು. ಸೀಸೆಯಲ್ಲಿದ್ದುದು ಹೋದರೆ ಕಾಡಿನಲ್ಲಿ ಮತ್ತೆ ಹುಡುಕಬಹುದು. ಕಾಡಿನಲ್ಲಿದ್ದುದು ಹೋದರೆ ಎಲ್ಲಿ ಹುಡುಕುವುದು? ಜೌಗು ಬತ್ತಿ ಹಳ್ಳ ತಿರುಗಿತೆಂದರೆ, ಕುಂಬಾರ ಕಪ್ಪೆಯ ಜೊತೆಗೆ, ಯಾವ ಪ್ರಯೋಗಶಾಲೆಯೂ ಇನ್ನೂ ಕೇಳದ ಪ್ರಶ್ನೆಯೂ ಅದಕ್ಕೆ ದೊರೆಯಬಹುದಾಗಿದ್ದ ಉತ್ತರವೂ ಹೋದಂತೆಯೇ.

ಇದೆಲ್ಲ ಕಪ್ಪೆಯ ಮಾತಾಯಿತು, ಮನುಷ್ಯನಿಗೇನು ಎಂದು ಕೆಲವರು ಕೇಳಿಯಾರು. ಕಪ್ಪೆಯ ಪಿಂಡದ ಬೆನ್ನಿನ ಮೇಲೆ ಒಂದು ಹಾಳೆ ಎರಡು ಅಂಚುಗಳಲ್ಲಿ ಎದ್ದು, ಬಾಗಿ, ಕೂಡಿ, ನರನಾಳವಾಗುವುದನ್ನು ಯಾವ ವಿದ್ಯಾರ್ಥಿಯೂ ನೋಡಬಹುದು. ಮನುಷ್ಯಗರ್ಭದಲ್ಲಿಯೂ ಹೀಗೆಯೇ, ಸುಮಾರು 28ನೆಯ ದಿನದೊಳಗೆ ಆ ನಾಳ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಕೂಸು ಬೆನ್ನುಹುರಿಯ ಅಥವಾ ಮಿದುಳಿನ ತೀವ್ರ ದೋಷದಿಂದ ಹುಟ್ಟುತ್ತದೆ. ಅನೇಕ ತಾಯಂದಿರಿಗೆ ತಾವು ಗರ್ಭಿಣಿಯರೆಂಬುದೂ ಅಷ್ಟರೊಳಗೆ ತಿಳಿದಿರುವುದಿಲ್ಲ. ಇಂಥ ಕೂಸನ್ನು ಹೆತ್ತ ಮನೆಗಳಲ್ಲಿ ಹಣೆಬರಹವೆಂದು ನಿಟ್ಟುಸಿರಿಟ್ಟವರೂ ಉಂಟು, ತಾಯಿಯನ್ನು ದೂರಿದವರೂ ಉಂಟು. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ, ಮೊದಲು ಅಂಥ ಗರ್ಭವನ್ನು ಧರಿಸಿದ್ದ ಸ್ತ್ರೀಯರಿಗೆ ಮುಂದಿನ ಗರ್ಭಕ್ಕೆ ಮುನ್ನವೇ ಫೋಲಿಕ್ ಆಮ್ಲವನ್ನು ಕೊಟ್ಟು ನೋಡಿದ ಪರೀಕ್ಷೆಯ ಫಲವನ್ನು ಪ್ರಕಟಿಸಿತು. ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಮೆಯಾಗಿದ್ದಿತು. ಸೊಪ್ಪು ಕಾಳುಗಳಲ್ಲಿಯೂ ಇರುವ ಒಂದು ಜೀವಸತ್ತ್ವ ಅದು. ವಂಶವಾಹಿಗಳು ಬದಲಾಗಲಿಲ್ಲ, ಅವು ಕೆಲಸಮಾಡುವ ನೆರೆಹೊರೆ ಬದಲಾಯಿತು, ಅಷ್ಟರಿಂದಲೇ ಎಷ್ಟೋ ಮನೆಗಳ ಕಥೆ ಬದಲಾಯಿತು.

ಹಾಗಾದುದರಿಂದ ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಒಂದು. ಗುಣವೊಂದು ಕಂಡಿತೆಂದರೆ ಅದು ವಂಶವಾಹಿಯಲ್ಲಿ ಬರೆದಿದೆ, ಇನ್ನು ಬದಲಾಗದು ಎಂದು ಹೇಳುವುದು ಈಚೆಗೆ ವಿದ್ಯಾವಂತರಲ್ಲಿಯೇ ರೂಢಿಯಾಗಿದೆ. ಹಣೆಬರಹವೆಂಬ ಹಳೆಯ ಮಾತಿಗೆ ಹೊಸ ಅಂಗಿ ತೊಡಿಸಿದಂತಿದು. ಬರಹವಿದೆಯೆಂಬುದು ನಿಜ, ಬರಹವಿಲ್ಲದೆ ಕಪ್ಪೆಯ ತತ್ತಿಯಿಂದ ಕಪ್ಪೆಯೇ ಬರುವುದೆಂಬ ನೆಚ್ಚಿಕೆಯಿಲ್ಲ. ಆದರೆ ಯಾವ ಪುಟವನ್ನು, ಯಾವಾಗ, ಎಲ್ಲಿ ಓದಬೇಕೆಂಬುದನ್ನು ನೆರೆಯ ಕೋಶ, ಒಸರುವ ರಸ, ತಾಯಿಯ ಊಟ, ಹಳ್ಳದ ನೀರು, ಇವೆಲ್ಲ ಕೂಡಿ ಗೊತ್ತುಮಾಡುತ್ತವೆ. ಎಲ್ಲವೂ ಸೂಕ್ಷ್ಮರೂಪದಲ್ಲಿ ಮೊದಲೇ ಇದೆಯೆಂದ ಧನ್ವಂತರಿಯೂ, ಒಂದಾದ ಮೇಲೊಂದು ಹೊಸದಾಗಿ ಉಂಟಾಗುತ್ತದೆಂದ ಅರಿಸ್ಟಾಟಲನೂ ಸತ್ಯದ ಒಂದೊಂದು ಮಗ್ಗುಲನ್ನು ಕಂಡಿದ್ದರು.

ಮುಂದಿನ ಮಳೆಗಾಲದಲ್ಲಿ ಇಸಳೂರಿನ ಕಡೆ ಹೋಗುವವರು ಬೇಲಿಯ ಎಲೆಗಳನ್ನು ಮೆಲ್ಲನೆ ಮಗುಚಿ ನೋಡಬಹುದು. ಪಾರದರ್ಶಕವಾದ ನಾಲ್ಕಾರು ಗೋಲಿಗಳು ಕಂಡರೆ, ಅವುಗಳೊಳಗೆ ಬಾಲ ಮುದುರಿಕೊಂಡು ಕುಳಿತ ಕಪ್ಪೆಮರಿಯೂ ಕಂಡರೆ, ಕೀಳದೆ ಅಲ್ಲಿಯೇ ಬಿಡಲಿ. ರೂ, ಸ್ಪೇಮನ್, ಹಿಲ್ಡ್ ಮಂಗೋಲ್ಡ್, ನಾರಾಯಣರಾಯರು, ಇವರೆಲ್ಲ ತಮ್ಮ ಆಯುಸ್ಸನ್ನು ಸವೆಯಿಸಿ ಕೇಳಿದ ಪ್ರಶ್ನೆ ಅಲ್ಲಿ ಯಾರ ಸಹಾಯವೂ ಇಲ್ಲದೆ ತನ್ನಷ್ಟಕ್ಕೆ ತಾನೇ ಬಿಡಿಸಿಕೊಳ್ಳುತ್ತಿರುತ್ತದೆ.